ಖಾಲಿ ಫಾರಮಿನ ಸಹಿ

ಘಾಟ್ಕೋಪರಿನ ಅಸಲ್ಫಾದಲ್ಲಿ ನನ್ನ ಸೋದರಮಾವನ ಖೋಲಿಯಲ್ಲಿ ಒಂದು ತಗಡಿನ ಪೆಟ್ಟಿಗೆ ಇತ್ತು. ಅದರೊಳಗೆ ಊರಿನ ಜಾಗದ ಕಾಗದ, ಪಾಸ್‌ಬುಕ್ಕು, ಆಮೇಲಾಮೇಲೆ ಒಂದಿಷ್ಟು ಶೇರು ಸರ್ಟಿಫಿಕೇಟು. ಮಾವ ಫೋರ್ಟಿನ ಹೋಟೆಲೊಂದರ ಕ್ಯಾಶ್ ಕೌಂಟರಿನಲ್ಲಿ ಕೂರುತ್ತಿದ್ದರು. ಊರಿನಿಂದ ಬಂದ ನನ್ನನ್ನು ಹಗಲು ಅದೇ ಹೋಟೆಲಿಗೆ, ರಾತ್ರಿ ಕನ್ನಡ ಶಾಲೆಗೆ ಸೇರಿಸಿ, ಕೊನೆಗೆ ಕಪ್ಪು ಕೋಟು ಹೊಲಿಸಿಕೊಟ್ಟವರು ಅವರೇ.

1990ರ ಜುಲೈಯಲ್ಲಿ ಮೊದಲ ಸಲ 1000 ಮುಟ್ಟಿದ ಸೆನ್ಸೆಕ್ಸ್ 1992ರ ಏಪ್ರಿಲ್‌ನಲ್ಲಿ 4400 ದಾಟಿತ್ತು. ಹೋಟೆಲಿಗೆ ಚಹಾಕ್ಕೆ ಬಂದವರದ್ದೆಲ್ಲ ಶೇರಿನ ಮಾತೇ. ಮಾವನೂ ಚೀಟಿಯ ಹಣ ಎತ್ತಿ ಹಾಕಿದರು. ಏಪ್ರಿಲ್ 23ರಂದು ಟೈಮ್ಸ್ ಆಫ್ ಇಂಡಿಯಾದಲ್ಲಿ ಸುಚೇತಾ ದಲಾಲ್ ಅವರ ವರದಿ ಬಂತು, ಪೇಟೆ ಕುಸಿಯಿತು. ಉಳಿದಷ್ಟಾದರೂ ಬರಲಿ ಎಂದು ಮಾವ ಖಾಲಿ ವರ್ಗಾವಣೆ ಫಾರಮುಗಳಿಗೆ ಸಹಿ ಹಾಕಿ, ಸರ್ಟಿಫಿಕೇಟುಗಳ ಜೊತೆ ಒಬ್ಬ ಏಜೆಂಟನ ಕೈಗೆ ಕೊಟ್ಟರು. ಆತ ಮತ್ತೆ ಸಿಗಲಿಲ್ಲ.

ನಾನಾಗ ಕ್ರಿಮಿನಲ್ ವಕೀಲರೊಬ್ಬರ ಬಳಿ ಹೊಸ ಜೂನಿಯರ್. ಹಗರಣದ ವಿಚಾರಣೆಗೆಂದೇ ಅದೇ ವರ್ಷ ವಿಶೇಷ ನ್ಯಾಯಾಲಯ ಬಂತು. ಹೈಕೋರ್ಟ್ ನ್ಯಾಯಮೂರ್ತಿಗಳೇ ವಿಚಾರಣೆ ನಡೆಸುವುದು, ಮೇಲ್ಮನವಿ ನೇರ ಸುಪ್ರೀಂ ಕೋರ್ಟಿಗೆ. ನಮ್ಮ ಆಫೀಸು ಆರೋಪಿಗಳ ಪರ ನಿಂತಿತ್ತು.

"ನಮ್ಮ ದುಡ್ಡು ತಿಂದವರ ಪರ ಮಾತಾಡ್ಲಿಕ್ಕಾ ನಿನ್ನನ್ನು ಓದಿಸಿದ್ದು ಮಾರಾಯ?" ಮಾವ ಒಂದು ರಾತ್ರಿ ಊಟಕ್ಕೆ ಕೂತಾಗ ಕೇಳಿದರು. ನಾನು ತಲೆ ಎತ್ತಲಿಲ್ಲ.

ಹರ್ಷದ್ ಮೆಹ್ತಾ ಪರ ನಿಂತಿದ್ದವರು ರಾಮ್ ಜೇಠ್ಮಲಾನಿ. ಹದಿನೇಳನೇ ವಯಸ್ಸಿಗೇ ಕಾನೂನು ಪದವಿ ಪಡೆದು, ವಿಭಜನೆಯ ನಂತರ ಸಿಂಧ್ ಬಿಟ್ಟು ನಿರಾಶ್ರಿತರಾಗಿ ಮುಂಬಯಿಗೆ ಬಂದವರು. ಊರೆಲ್ಲ ಬೈಯುವವನಿಗೂ ವಕೀಲ ಬೇಕು ಎಂಬುದಕ್ಕೆ ನಾವು ಜೂನಿಯರುಗಳು ಅವರನ್ನೇ ತೋರಿಸುತ್ತಿದ್ದೆವು. ಮಾವನಿಗೆ ಆ ಉತ್ತರ ಸಾಲುತ್ತಿರಲಿಲ್ಲ.

ನನ್ನ ಮೊದಲ ವರ್ಷಗಳೆಲ್ಲ ಬಿ.ಆರ್. ಎಂಬ ಹಾಳೆಯನ್ನು ಓದುವುದರಲ್ಲೇ ಕಳೆದವು. ಬಿ.ಆರ್. ಎಂದರೆ ಬ್ಯಾಂಕ್ ರಸೀದಿ. ಒಂದು ಬ್ಯಾಂಕು ಸರ್ಕಾರಿ ಸಾಲಪತ್ರ ಮಾರಿದಾಗ, ಪತ್ರದ ಬದಲು 'ಆಮೇಲೆ ಕೊಡುತ್ತೇವೆ' ಎಂದು ಬರೆದುಕೊಡುವ ಚೀಟಿ ಅದು. ಅದನ್ನು ನಂಬಿ ಇನ್ನೊಂದು ಬ್ಯಾಂಕು ಕೊಟ್ಟ ಹಣ ದಲ್ಲಾಳಿಯ ಖಾತೆಗೆ ಹೋಗಿ, ಅಲ್ಲಿಂದ ಶೇರುಪೇಟೆಗೆ ಹರಿಯುತ್ತಿತ್ತು. ಬ್ಯಾಂಕ್ ಆಫ್ ಕರಾಡ್‌ನಂಥ ಚಿಕ್ಕ ಬ್ಯಾಂಕುಗಳು ಪತ್ರವೇ ಇಲ್ಲದೆ ಚೀಟಿ ಕೊಟ್ಟಿದ್ದವು. 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ, ನಮ್ಮವರು ಮನೆಯ ಬ್ಯಾಂಕೆಂದೇ ತಿಳಿದ ಕೆನರಾ ಬ್ಯಾಂಕಿನ ಅಂಗಸಂಸ್ಥೆ ಕ್ಯಾನ್‌ಫಿನಾ ಕೂಡ ಆ ವ್ಯವಹಾರಗಳಲ್ಲಿ ಸಿಕ್ಕಿಹಾಕಿಕೊಂಡಿತ್ತು.

ಕೆಲವು ವರ್ಷಗಳ ನಂತರ ಒಂದು ಕೇಸಿನಲ್ಲಿ ಬ್ಯಾಂಕ್ ನೌಕರರೊಬ್ಬರ ಪಾಟಿಸವಾಲು ನನ್ನ ಪಾಲಿಗೆ ಬಂತು. ಪ್ರಾಸಿಕ್ಯೂಷನ್ ಸಾಕ್ಷಿ, ನಿವೃತ್ತಿಯ ಅಂಚಿನಲ್ಲಿದ್ದವರು.

"ಸಾಲಪತ್ರವನ್ನು ಕಣ್ಣಾರೆ ನೋಡಿದ್ದಿರಾ?"

"ಇಲ್ಲ."

"ಮತ್ತೆ ಚೀಟಿಗೆ ಸಹಿ ಹಾಕಿದ್ದು?"

"ಮೇಲಿನವರು ಹಾಕು ಅಂದರು."

ನಮಗೆ ಬೇಕಾಗಿದ್ದುದು ಅದೇ ಉತ್ತರ. ಸೀನಿಯರ್ ಬೆನ್ನು ತಟ್ಟಿದರು. ಕಟಕಟೆ ಇಳಿಯುವಾಗ ಆತನ ಕೈ ನಡುಗುತ್ತಿತ್ತು. ಸ್ಲೋ ಲೋಕಲಿನಲ್ಲಿ ಘಾಟ್ಕೋಪರಿಗೆ ಬರುವಷ್ಟು ಹೊತ್ತೂ ಆ ಕೈಯೇ ಕಣ್ಣ ಮುಂದೆ. ಮನೆಗೆ ಬಂದು ಮಾವನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನದ್ದೂ ನನ್ನದೇ ಕಥೆ" ಎಂದರು. ಮತ್ತೆ ನನ್ನ ಕೆಲಸದ ಬಗ್ಗೆ ಅವರು ಕೇಳಲಿಲ್ಲ. ನನಗೆ ಅದು ಕ್ಷಮೆಯಂತೆ ಅನಿಸಲಿಲ್ಲ.

ಮಾರುತಿ ಉದ್ಯೋಗ್ ಸಂಸ್ಥೆಯ ಸುಮಾರು 38 ಕೋಟಿ ರೂಪಾಯಿಯ ಕೇಸಿನಲ್ಲಿ 1999ರಲ್ಲಿ ಶಿಕ್ಷೆಯಾಯಿತು. 2001ರ ಡಿಸೆಂಬರ್ 31ರಂದು ಹರ್ಷದ್ ಮೆಹ್ತಾ ಬಂಧನದಲ್ಲಿದ್ದಾಗಲೇ ತೀರಿಕೊಂಡರು. 2003ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಆರೋಪ ಸಾಬೀತಾಗಿದೆ ಎಂದರು, ಮೂರನೆಯವರು ಭಿನ್ನ ತೀರ್ಪು ಬರೆದು ಇಲ್ಲವೆಂದರು. ಅದೇ ಕಾಗದಗಳು, ಎರಡು ಓದು. ಮಾವನಿಗೆ ಅಂದು ಕೊಡಬೇಕಿದ್ದ ಉತ್ತರ ಇದೇ ಇರಬೇಕು ಎನಿಸಿತು: ಎರಡೂ ಕಡೆಯವರು ಕಾಗದವನ್ನು ಓದಿಯಾದ ಮೇಲೆಯೇ ಒಬ್ಬನನ್ನು ಕಳ್ಳ ಅನ್ನಬೇಕು. ಆ ಹೊತ್ತಿಗೆ ಮಾವ ಇರಲಿಲ್ಲ.

ಈ ಕೆಲಸದಲ್ಲಿ ಮೂವತ್ತು ವರ್ಷ ದಾಟಿತು. ಹೇಳಿದವರ ಹೆಸರು ಕಾಗದದಲ್ಲಿ ಸಿಗುವುದು ಕಡಿಮೆ, ಸಹಿ ಹಾಕಿದವರದ್ದು ಮಾತ್ರ ಹಾಳೆ ಹಾಳೆಯಲ್ಲೂ ಇರುತ್ತದೆ.

ಈಗ ಭಾನುವಾರ ಬೆಳಿಗ್ಗೆ ಅಸಲ್ಫಾದ ಹಳೆಯ ನೆರೆಯವರು ಬಿಲ್ಡರನ ಕರಾರುಪತ್ರ ಹಿಡಿದು ಮನೆಗೆ ಬರುತ್ತಾರೆ. "ಎಲ್ಲರೂ ಹಾಕಿದ್ದಾರೆ ವಕೀಲರೇ, ಎಲ್ಲಿ ಹಾಕ್ಬೇಕು ಅಷ್ಟೇ ಹೇಳಿ" ಅನ್ನುತ್ತಾರೆ. ಚಹಾ ತರಿಸಿ, ಪ್ರತಿ ಪುಟವನ್ನೂ ಕನ್ನಡದಲ್ಲಿ ಓದಿ ಹೇಳುತ್ತೇನೆ. ಖಾಲಿ ಬಿಟ್ಟ ಜಾಗ ಕಂಡರೆ ಅಲ್ಲೊಂದು ಅಡ್ಡಗೆರೆ ಎಳೆಯುತ್ತೇನೆ. ಪೆನ್ನು ಕೊಡುವುದು ಅದಾದ ಮೇಲೆಯೇ.