ಬೆಳ್ಳೂರ ದಾರಿಯ ಬಿಳಿಗಲ್ಲು

ಮಂಡ್ಯ ಜಿಲ್ಲೆಯಲ್ಲಿ ಬೆಳ್ಳೂರೆಂಬ ಹೆಸರಿನ ಊರು ಒಂದೇ ಅಲ್ಲ. ಮದ್ದೂರು ತಾಲ್ಲೂಕಿನ ಬೆಳ್ಳೂರಿಗೆ ಕೊಕ್ಕರೆಗಳು ಕೀರ್ತಿಯನ್ನು ತಂದುಕೊಟ್ಟಿವೆ. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿಗೆ ಅಂತಹ ಭಾಗ್ಯವಿಲ್ಲ. ಬೆಂಗಳೂರಿನಿಂದ ಹಾಸನದ ಕಡೆಗೆ ಹೋಗುವವರು ಬೆಳ್ಳೂರು ಕ್ರಾಸಿನಲ್ಲಿ ಒಂದು ಲೋಟ ಕಾಫಿ ಕುಡಿದು ಮುಂದೆ ಸಾಗುತ್ತಾರೆ. ಆದಿಚುಂಚನಗಿರಿಯ ಭೈರವನನ್ನು ಕಾಣಬಂದವರು ಬೆಟ್ಟದ ನವಿಲುಗಳನ್ನೂ ನೋಡಿಕೊಂಡು ಹಿಂತಿರುಗುತ್ತಾರೆ. ಹೊಯ್ಸಳರ ಕಾಲದಲ್ಲಿ ಉದ್ಭವ ನರಸಿಂಹಪುರವೆಂಬ ಅಗ್ರಹಾರವಾಗಿ ಮೆರೆದ ಈ ಊರಿನೊಳಕ್ಕೆ ಕಾಲಿಡುವವರು ವಿರಳ. ಹೆಸರಿನಲ್ಲಿ ಬೆಳ್ಪು ಇದ್ದರೂ ಇಲ್ಲಿಯ ಹೊಲದ ಮಣ್ಣು ಕೆಂಪು. ಬೆಳೆಯುವುದು ರಾಗಿ, ಹುರುಳಿ, ತೆಂಗು.

ಈ ಬೆಳ್ಳೂರಿನಿಂದ ದಕ್ಷಿಣಕ್ಕೆ ಹೊರಡುವ ರಸ್ತೆಯು ನಾಗಮಂಗಲ, ಪಾಂಡವಪುರಗಳನ್ನು ಹಾಯ್ದು ಶ್ರೀರಂಗಪಟ್ಟಣದಲ್ಲಿ ಕಾವೇರಿಯನ್ನು ಮುಟ್ಟುತ್ತದೆ. ಅರ್ಧ ದಿನದ ಬಸ್ಸಿನ ಪ್ರಯಾಣಕ್ಕೂ ಸಾಲದ ದಾರಿ. ಆದರೆ ಭೂವಿಜ್ಞಾನಿಯ ಕಣ್ಣಿಗೆ ಇದಕ್ಕಿಂತ ದೀರ್ಘವಾದ ದಾರಿ ನಾಡಿನಲ್ಲಿ ಹೆಚ್ಚಿಲ್ಲ. ಏಕೆಂದರೆ ಇಲ್ಲಿ ಅಳೆಯಬೇಕಾದುದು ಮೈಲಿಗಳನ್ನಲ್ಲ, ವರ್ಷಗಳನ್ನು. ಅದೂ ಕೋಟಿಗಳ ಲೆಕ್ಕದಲ್ಲಿ.

ನಾಗಮಂಗಲದ ಸುತ್ತಿನ ನೆಲದಡಿಯಲ್ಲಿ ಉತ್ತರ ದಕ್ಷಿಣವಾಗಿ ಒಂದು ಕಿರಿದಾದ ಶಿಲಾಪಟ್ಟಿಯು ಹಾದುಹೋಗಿದೆ. ಪದರಪದರವಾಗಿ ಸೀಳುವ ಷಿಸ್ಟ್ ಕಲ್ಲಿನ ಈ ಪಟ್ಟಿಗೆ ಪಂಡಿತರು ನಾಗಮಂಗಲದ ಹೆಸರನ್ನೇ ಇಟ್ಟಿದ್ದಾರೆ. ಪಶ್ಚಿಮಕ್ಕೆ ಕೃಷ್ಣರಾಜಪೇಟೆಯ ಹೆಸರಿನಲ್ಲಿ ಇದರ ಸೋದರನೊಬ್ಬನಿದ್ದಾನೆ. ಇವುಗಳಲ್ಲಿ ಕೊಮಾಟಿಯೈಟ್ ಎಂಬ ವಿಚಿತ್ರ ಶಿಲೆಯುಂಟು. ದಕ್ಷಿಣ ಆಫ್ರಿಕದ ಕೊಮಾಟಿ ನದಿಯ ಬಳಿ 1969ರಲ್ಲಿ ಮೊದಲು ಗುರುತಿಸಲ್ಪಟ್ಟುದರಿಂದ ಆ ಹೆಸರು. ಇದು ಲಾವಾರಸವಾಗಿ ಹರಿದಾಗ ಇದರ ಶಾಖವು ಸುಮಾರು 1600 ಡಿಗ್ರಿ ಸೆಲ್ಸಿಯಸ್ ಇದ್ದಿರಬೇಕೆಂದು ಲೆಕ್ಕ. ಇಂದು ಹವಾಯಿ ದ್ವೀಪದ ಜ್ವಾಲಾಮುಖಿ ಕಾರುವ ಲಾವಾ 1200 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಅಂದರೆ ಅಷ್ಟು ಬಿಸಿಯಾದ ಲಾವಾವನ್ನು ಕಾರುವ ಶಕ್ತಿ ಈಗಿನ ಭೂಮಿಗಿಲ್ಲ. ತಾರುಣ್ಯದಲ್ಲಿ ಮಾತ್ರ ಇದ್ದ ಶಕ್ತಿ ಅದು. ಪಶ್ಚಿಮ ಧಾರವಾಡ ಶಿಲಾಸಮೂಹದ ಇಂತಹ ಕಲ್ಲುಗಳನ್ನು ಪರೀಕ್ಷಿಸಿ, ಜಯಾನಂದ ಮತ್ತು ಅವರ ಸಂಗಡಿಗರು 2008ರಲ್ಲಿ ಪ್ರಕಟಿಸಿದ ಸಂಶೋಧನೆಯು ಇವುಗಳ ವಯಸ್ಸು ಸುಮಾರು 335 ಕೋಟಿ ವರ್ಷಗಳೆಂದು ತೋರಿಸಿತು. ಹನ್ನೊಂದು ಕೋಟಿ ವರ್ಷ ಆಚೀಚೆ ಆಗಬಹುದೆಂದು ಅವರೇ ಹೇಳಿದ್ದಾರೆ. ಈ ಶಾಸ್ತ್ರದಲ್ಲಿ ಅದು ಸಣ್ಣ ತಪ್ಪು.

ಇಷ್ಟು ಹಳೆಯ ಲಾವಾ ಲಾವಾವಾಗಿಯೇ ಉಳಿದೀತೆ? ಬಿಸಿನೀರು, ಅಂಗಾರಾಮ್ಲ, ಒತ್ತಡ ಇವುಗಳ ಕೈಗೆ ಸಿಕ್ಕಿ ಇಂತಹ ಶಿಲೆ ಹಲವೆಡೆ ಮೆತ್ತಗಾಗಿ, ನುಣುಪಾಗಿ, ಬಳಪದ ಕಲ್ಲಾಗಿ ಮಾರ್ಪಟ್ಟಿತು. ಶಾಲೆಯ ಮಕ್ಕಳ ಕೈಯ ಬಳಪವೂ ಅದೇ ಜಾತಿಯದು. ಹೊಯ್ಸಳ ಶಿಲ್ಪಿಯ ಉಳಿಗೆ ಒಲಿದುದೂ ಅದೇ ಜಾತಿಯದು. ಕೃಷ್ಣರಾಜಪೇಟೆ ತಾಲ್ಲೂಕಿನ ಹೊಸಹೊಳಲಿನಲ್ಲಿ ಲಕ್ಷ್ಮೀನಾರಾಯಣ ದೇವಾಲಯದ ಗೋಡೆಯನ್ನು ನೋಡಿದವರಿಗೆ, ಕಲ್ಲು ಅಷ್ಟು ಸೂಕ್ಷ್ಮವಾದ ಆಭರಣಗಳನ್ನು ಹೇಗೆ ತೊಟ್ಟುಕೊಂಡಿತೆಂದು ಅಚ್ಚರಿಯಾಗುತ್ತದೆ. ಶಿಲ್ಪಿಯ ಕೈಚಳಕವೇ ದೊಡ್ಡದು, ನಿಜ. ಕಲ್ಲಿನ ಸೌಜನ್ಯಕ್ಕೂ ಒಂದು ಪಾಲು ಸಲ್ಲಬೇಕು. ಗ್ರಾನೈಟಿನಲ್ಲಿ ಆ ಕೆಲಸ ಆಗುತ್ತಿರಲಿಲ್ಲ.

ಕಂಚು ಹಿತ್ತಾಳೆಗಳ ಕೆಲಸಕ್ಕೆ ಹೆಸರಾದ ನಾಗಮಂಗಲವನ್ನು ದಾಟಿ ಪಾಂಡವಪುರಕ್ಕೆ ಬಂದರೆ ದೃಶ್ಯವೇ ಬೇರೆ. ಕುಂತಿಬೆಟ್ಟದ ಬೋಳುಬಂಡೆಗಳು ಆಕಾಶಕ್ಕೆ ಎದ್ದು ನಿಂತಿವೆ. ಶ್ರೀರಂಗಪಟ್ಟಣದ ಸುಲ್ತಾನರಿಗೆ ನೆರವಾಗಿದ್ದ ಫ್ರೆಂಚ್ ಸೈನಿಕರು ಇಲ್ಲಿ ಬೀಡುಬಿಟ್ಟಿದ್ದುದರಿಂದ ಇಂಗ್ಲಿಷರು ಈ ಊರನ್ನು ‘ಫ್ರೆಂಚ್ ರಾಕ್ಸ್’ ಎಂದೇ ಕರೆಯುತ್ತಿದ್ದರು. ಇಲ್ಲಿಂದ ಮುಂದೆ ನಾಲೆಯ ನೀರು. ರಾಗಿಯ ಕೆಂಪು ಹೊಲ ಹೋಗಿ ಕಬ್ಬು, ಭತ್ತಗಳ ಹಸುರು ಕಣ್ಣು ತುಂಬುತ್ತದೆ. ಈ ಹಸುರಿನ ಅಂಚಿನಲ್ಲಿಯೇ, ಶ್ರೀರಂಗಪಟ್ಟಣದ ಸೀಮೆಯ ಮರಳಗಾಲ ಮತ್ತು ಅಲ್ಲಾಪಟ್ಟಣಗಳೆಂಬ ಹಳ್ಳಿಗಳ ನಡುವೆ, ಇಡೀ ದೇಶದ ಪತ್ರಿಕೆಗಳು ಕೆಲವು ದಿನ ಮಾತನಾಡಿದ ಬಿಳಿಯ ಕಲ್ಲು ಬಿದ್ದುಕೊಂಡಿದೆ.

ಆ ಕಲ್ಲಿನ ಹೆಸರು ಪೆಗ್ಮಟೈಟ್. ಅದರ ಹುಟ್ಟನ್ನು ಮಂಡ್ಯದ ರೈತನಿಗೆ ಹೇಳುವುದು ಬಹಳ ಸುಲಭ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲನ್ನು ಕಾಯಿಸಿ ಸಕ್ಕರೆಯ ಹರಳು ಕಟ್ಟಿಸುವಾಗ, ಹರಳಾಗಲು ಒಪ್ಪದ ವಸ್ತುಗಳೆಲ್ಲವೂ ಕೊನೆಗೆ ಕಾಕಂಬಿಯಲ್ಲಿ ಉಳಿಯುತ್ತವೆ. ಭೂಮಿಯೊಳಗೆ ಗ್ರಾನೈಟಿನ ಪಾಕ ಆರುವಾಗಲೂ ಹಾಗೆಯೇ. ಸಾಮಾನ್ಯ ಖನಿಜಗಳು ಮೊದಲು ಹರಳುಗಟ್ಟುತ್ತವೆ. ಅವುಗಳ ಮನೆಯಲ್ಲಿ ಜಾಗ ಸಿಗದ ಲಿಥಿಯಂ, ಬೆರಿಲಿಯಂ, ಟ್ಯಾಂಟಲಂ ಮೊದಲಾದ ಮೂಲವಸ್ತುಗಳು ನೀರಿನಿಂದ ಕೂಡಿದ ಕಟ್ಟಕಡೆಯ ರಸದಲ್ಲಿ ಗುಂಪುಗೂಡುತ್ತವೆ. ಆ ರಸವು ಸುತ್ತಲಿನ ಕಲ್ಲಿನ ಬಿರುಕುಗಳಿಗೆ ನುಗ್ಗಿ ಹೆಪ್ಪುಗಟ್ಟಿದಾಗ ದೊಡ್ಡ ದೊಡ್ಡ ಹರಳುಗಳ ಪೆಗ್ಮಟೈಟ್ ಆಗುತ್ತದೆ. ಬೆಣಚು, ಫೆಲ್ಡ್‌ಸ್ಪಾರ್, ಕಾಗೆಬಂಗಾರಗಳ ನಡುವೆ ಸ್ಪಾಡ್ಯುಮೀನ್ ಎಂಬ ನೀಳವಾದ ಹರಳೂ ಸಿಕ್ಕಿದರೆ ಅಲ್ಲಿ ಲಿಥಿಯಂ ಉಂಟೆಂದು ಅರ್ಥ.

ಪರಮಾಣು ಇಂಧನ ಇಲಾಖೆಗೆ ಸೇರಿದ ಪರಮಾಣು ಖನಿಜ ನಿರ್ದೇಶನಾಲಯದ ವಿಜ್ಞಾನಿಗಳಿಗೆ ಈ ನೆಲ ಹೊಸದಲ್ಲ. ಅಲ್ಲಾಪಟ್ಟಣದ ಗ್ರಾನೈಟೇ ಈ ಪೆಗ್ಮಟೈಟುಗಳ ತಾಯಿಯಾಗಿರಬಹುದೆಂಬ ವಿಚಾರವು ಕಳೆದ ಶತಮಾನ ಮುಗಿಯುವ ಮೊದಲೇ ಭೂವಿಜ್ಞಾನದ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಆಗ ಅದನ್ನು ಓದಿದವರು ಆ ಶಾಸ್ತ್ರದವರು ಮಾತ್ರ. ಟ್ಯಾಂಟಲಂ ಎಂದರೆ ಯಾರ ಕಿವಿಯೂ ನೆಟ್ಟಗಾಗುವುದಿಲ್ಲ.

ಲಿಥಿಯಂ ವಿಷಯ ಹಾಗಲ್ಲ. ಸ್ವೀಡನ್ನಿನ ಆರ್ಫ್‌ವೆಡ್ಸನ್ ಎಂಬ ತರುಣನು 1817ರಲ್ಲಿ ಒಂದು ಕಲ್ಲಿನಲ್ಲಿ ಕಂಡುಹಿಡಿದ ಈ ಲೋಹಕ್ಕೆ ಕಲ್ಲೆಂಬ ಅರ್ಥದ ಗ್ರೀಕ್ ಪದದಿಂದಲೇ ಹೆಸರು ಬಂದಿತು. ಲೋಹಗಳಲ್ಲೆಲ್ಲ ಇದೇ ಹಗುರ. ನೀರಿನ ಅರ್ಧದಷ್ಟು ತೂಕ. ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಬ್ಯಾಟರಿಯ ಕೆಲಸಕ್ಕೆ ಇದಕ್ಕೆ ಸಮನಾದ ಲೋಹ ದೊರೆಯುವುದು ಕಷ್ಟ. ಲಿಥಿಯಂ ಬ್ಯಾಟರಿಯನ್ನು ರೂಪಿಸಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೊಶಿನೊ ಎಂಬ ಮೂವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂದಿತು. ಜೇಬಿನ ಟೆಲಿಫೋನಿನಿಂದ ಹಿಡಿದು ಹೊಗೆಯಿಲ್ಲದೆ ಓಡುವ ಕಾರಿನವರೆಗೆ ಎಲ್ಲೆಡೆಯೂ ಈಗ ಅದರದೇ ರಾಜ್ಯ.

ಆ ಬಹುಮಾನದ ಸುದ್ದಿ ಹಳೆಯದಾಗುವ ಮುನ್ನವೇ, 2020ರ ಫೆಬ್ರವರಿಯಲ್ಲಿ, ಮಂಡ್ಯದ ಹೆಸರು ಪತ್ರಿಕೆಗಳ ತಲೆಬರಹವನ್ನೇರಿತು. ಭಾರತೀಯ ವಿಜ್ಞಾನ ಸಂಸ್ಥೆಯ ನಿವೃತ್ತ ಪ್ರಾಧ್ಯಾಪಕರಾದ ಎನ್. ಮುನಿಚಂದ್ರಯ್ಯನವರು, ಅರ್ಧ ಕಿಲೋಮೀಟರು ಅಗಲ, ಐದು ಕಿಲೋಮೀಟರು ಉದ್ದದ ನೆಲವನ್ನು ಲೆಕ್ಕಕ್ಕೆ ಹಿಡಿದು, ಅಲ್ಲಿ ಸುಮಾರು 14,100 ಟನ್ ಲಿಥಿಯಂ ಇರಬಹುದೆಂದು ಅಂದಾಜು ಮಾಡಿದ್ದರು. ಚಿಲಿ ದೇಶದ 86 ಲಕ್ಷ ಟನ್ನು, ಆಸ್ಟ್ರೇಲಿಯದ 28 ಲಕ್ಷ ಟನ್ನುಗಳ ಮುಂದೆ ಇದು ಅಲ್ಪವೆಂಬ ಮಾತೂ ಅದೇ ವರದಿಯಲ್ಲಿತ್ತು. ಆದರೆ ‘ಇರಬಹುದು’ ಎಂಬ ಪದ ಒಬ್ಬರ ಬಾಯಿಂದ ಒಬ್ಬರ ಕಿವಿಗೆ ಹೋಗುವಷ್ಟರಲ್ಲಿ ‘ಇದೆ’ ಎಂದಾಗುವುದು ಲೋಕದ ವಾಡಿಕೆ. ಮಂಡ್ಯದಲ್ಲಿ ನಿಧಿ ಸಿಕ್ಕಿತೆಂದೇ ಜನ ಮಾತನಾಡಿಕೊಂಡರು.

ಮರುವರ್ಷದ ಫೆಬ್ರವರಿಯಲ್ಲಿ ಸರಕಾರವು ಸಂಸತ್ತಿಗೆ ಕೊಟ್ಟ ಉತ್ತರದಲ್ಲಿದ್ದ ಅಂಕಿ 1,600 ಟನ್. ನೆಲದ ಮೇಲ್ಮೈ ಸಮೀಕ್ಷೆಯನ್ನೂ ಸ್ವಲ್ಪಮಟ್ಟಿನ ಭೂಗರ್ಭ ಶೋಧವನ್ನೂ ಮಾಡಿದ ನಿರ್ದೇಶನಾಲಯವೇ ಕೊಟ್ಟ ಲೆಕ್ಕ ಅದು. ನಿಧಿ ಒಂಬತ್ತನೆಯ ಒಂದು ಪಾಲಾಯಿತೆಂದು ನಿಟ್ಟುಸಿರು ಬಿಟ್ಟವರುಂಟು. ವಾಸ್ತವವಾಗಿ ಕಲ್ಲು ಒಂದು ಗುಂಜಿಯೂ ಕರಗಿರಲಿಲ್ಲ; ಅದನ್ನು ಅಳೆದ ಕೋಲು ಬದಲಾಗಿತ್ತು. ಖನಿಜದ ಲೆಕ್ಕಕ್ಕೆ ನಾಲ್ಕು ಮೆಟ್ಟಿಲುಗಳಿವೆ. ಕೆಳಗಿನದು ಬರಿಯ ಹುಡುಕಾಟ. ಮೇಲಿನದು ಅಂಗುಲ ಅಂಗುಲವಾಗಿ ಕೊರೆದು ನೋಡಿದ ನಿಶ್ಚಯ. ಮರಳಗಾಲದ 1,600 ಟನ್ ಇರುವುದು ಕೆಳಗಿನಿಂದ ಎರಡನೆಯ ಮೆಟ್ಟಿಲಿನಲ್ಲಿ. ಅಂದರೆ ಅದೂ ಊಹೆಯೇ, ಆದರೆ ಕಲ್ಲನ್ನು ಮುಟ್ಟಿ ನೋಡಿದ ಊಹೆ. 2023ರಲ್ಲಿ ಜಮ್ಮುವಿನ ರಿಯಾಸಿಯಲ್ಲಿ 59 ಲಕ್ಷ ಟನ್ನಿನ ಸಂಪತ್ತೆಂದು ಕೊಂಡಾಡಿದುದೂ ಇದೇ ಮೆಟ್ಟಿಲಿನದೇ. ಅದನ್ನು ಹರಾಜಿಗಿಟ್ಟಾಗ ಸಾಕಷ್ಟು ಕೂಗುವವರೇ ಬಾರದೆ ಮರುವರ್ಷ ಹರಾಜು ರದ್ದಾಯಿತು.

ಒಂದು ಕಾರಿನ ಬ್ಯಾಟರಿಗೆ ಎಂಟು ಕಿಲೋ ಲಿಥಿಯಂ ಬೇಕೆಂದಿಟ್ಟುಕೊಂಡರೆ 1,600 ಟನ್ನಿನಿಂದ ಎರಡು ಲಕ್ಷ ಕಾರುಗಳಾಗುತ್ತವೆ. ಸಣ್ಣ ಸಂಖ್ಯೆಯೇನಲ್ಲ. ಆದರೆ ಈ ಲೆಕ್ಕದಲ್ಲಿ ಗಣಿಯ ಬೆಲೆ ಸೇರಿಲ್ಲ. ನೂರು ಕಿಲೋ ಶುದ್ಧ ಸ್ಪಾಡ್ಯುಮೀನಿನಲ್ಲಿ ಲಿಥಿಯಂ ಇರುವುದು ನಾಲ್ಕು ಕಿಲೋಗಿಂತಲೂ ಕಡಮೆ. ಬೆಣಚು, ಫೆಲ್ಡ್‌ಸ್ಪಾರುಗಳೊಡನೆ ಅಗೆದು ತೆಗೆದ ಕಲ್ಲಿನಲ್ಲಿ ಇನ್ನೂ ಕಡಮೆ. ಅದನ್ನು ಪುಡಿಮಾಡಬೇಕು, ಹರಳನ್ನು ಬೇರ್ಪಡಿಸಬೇಕು, ಸಾವಿರ ಡಿಗ್ರಿಗೂ ಮೀರಿದ ಕುಲುಮೆಯಲ್ಲಿ ಸುಡಬೇಕು, ಬಳಿಕ ಗಂಧಕಾಮ್ಲದಲ್ಲಿ ಬೇಯಿಸಿ ನೀರಿನಲ್ಲಿ ತೊಳೆಯಬೇಕು. ಉಳಿದ ಕಲ್ಲಿನ ಪುಡಿಯನ್ನು ಎಲ್ಲಿಯಾದರೂ ರಾಶಿ ಹಾಕಲೇಬೇಕು. ಕಬ್ಬಿನ ಗದ್ದೆಗೆ ಹರಿಯುವ ನೀರು ಒಂದೇ; ಕುಡಿಯುವುದೂ ಅದೇ ಕಾವೇರಿಯ ನೀರು.

ಕಲ್ಲು ಸಿಡಿಸುವ ವಿಷಯದಲ್ಲಿ ಈ ಸೀಮೆ ಈಗಾಗಲೇ ಒಂದು ಪಾಠವನ್ನು ಕಂಡಿದೆ. ಪಾಂಡವಪುರದ ಬಳಿಯ ಬೇಬಿಬೆಟ್ಟದಲ್ಲಿ ಕಲ್ಲುಗಣಿಗಳ ಸಿಡಿಮದ್ದು ವರ್ಷಗಟ್ಟಲೆ ಮೊಳಗಿತು. ಸಿಮೆಂಟಿಲ್ಲದೆ ಸುರ್ಕಿಗಾರೆಯಿಂದ ಕಟ್ಟಿದ ಕನ್ನಂಬಾಡಿಯ ಅಣೆಕಟ್ಟಿಗೆ ಆ ನಡುಕ ತಗುಲೀತೆಂಬ ಭೀತಿ ಹರಡಿತು. ಕೊನೆಗೆ 2024ರ ಜನವರಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು, ಅಣೆಕಟ್ಟಿನ ಸುರಕ್ಷತೆಯ ಅಧ್ಯಯನ ಮುಗಿಯುವವರೆಗೆ, ಸುತ್ತಲಿನ 20 ಕಿಲೋಮೀಟರು ವ್ಯಾಪ್ತಿಯಲ್ಲಿ ಗಣಿಗಾರಿಕೆ ನಡೆಯಕೂಡದೆಂದು ಆಜ್ಞೆ ಮಾಡಿತು.

ಇತ್ತ ಕಾನೂನೂ ಬದಲಾಗಿದೆ. ಬಹುಕಾಲ ಲಿಥಿಯಂ ಪರಮಾಣು ಖನಿಜಗಳ ಪಟ್ಟಿಯಲ್ಲಿದ್ದು ಖಾಸಗಿಯವರ ಕೈಗೆ ನಿಲುಕುತ್ತಿರಲಿಲ್ಲ. 2023ರ ತಿದ್ದುಪಡಿಯು ಅದನ್ನೂ ಟ್ಯಾಂಟಲಂ, ಬೆರಿಲಿಯಂ ಮೊದಲಾದ ಐದು ಬಗೆಯ ಖನಿಜಗಳನ್ನೂ ಆ ಪಟ್ಟಿಯಿಂದ ಬಿಡಿಸಿ ಹರಾಜಿನ ಬಾಗಿಲನ್ನು ತೆರೆಯಿತು. ಮರಳಗಾಲದ ಕಲ್ಲು ಗಣಿಯಾಗುವ ಮುನ್ನ ಇನ್ನೂ ಕೊರೆತ ಆಗಬೇಕು. ಎಲ್ಲಿ ಕೊರೆಯುತ್ತಾರೆ, ಎಷ್ಟು ಆಳಕ್ಕೆ, ಯಾರ ಹೊಲದಲ್ಲಿ ಎಂಬುದನ್ನು ಕೇಳಿ ತಿಳಿಯುವ ಹಕ್ಕು ಮೊದಲು ಆ ಹೊಲಗಳ ಒಡೆಯರದು. ಕಾರು ಕೊಳ್ಳುವವರ ಸರದಿ ಆಮೇಲೆ.