ಹಳೆಯ ಕಾರಿಗೊಂದು ರೇಡಿಯೋ

ಅಮೆರಿಕದಲ್ಲಿ ಹಳೆಯ ಕಾರುಗಳನ್ನು ಸ್ವಂತ ಕೈಯಿಂದ ಕಟ್ಟಿಕೊಳ್ಳುವ ಹವ್ಯಾಸಿಗಳು ನಾಲ್ವರು ಕೂಡಿದರೆ ಒಂದು ವಾದ ಹುಟ್ಟದೆ ಇರುವುದಿಲ್ಲ. ಸಾಂಪ್ರದಾಯಿಕ ಹಾಟ್ ರಾಡ್ ಕಾರಿನಲ್ಲಿ ರೇಡಿಯೋ ಇರಬೇಕೆ, ಬೇಡವೆ ಎಂಬುದೇ ಆ ವಾದ. ಒಂದು ಡಬ್ಬಿ, ಎರಡು ಗುಂಡಿ, ಒಂದಿಷ್ಟು ತಂತಿ. ಇದಕ್ಕಾಗಿ ತಲೆ ಕೆಡಿಸಿಕೊಳ್ಳುವುದೇಕೆ ಎಂದು ಹೊರಗಿನವರಿಗೆ ಅನಿಸೀತು. ವಾದಿಸುವವರ ಮುಖದಲ್ಲಿ ಮಾತ್ರ ಮನೆತನದ ಆಸ್ತಿಯನ್ನು ಕುರಿತು ಮಾತನಾಡುವವರ ಗಾಂಭೀರ್ಯವಿರುತ್ತದೆ. ಸಂಪ್ರದಾಯ ಎಂಬ ಮಾತು ಎಲ್ಲಿ ಬಂದರೂ ಅದರ ಬೆನ್ನಿಗೆ ಯಾರದೋ ಒಂದು ಅಂಜಿಕೆಯೂ ಬಂದಿರುತ್ತದೆ. ಈ ಕಾರಿನ ವಿಷಯವೂ ಅದಕ್ಕೆ ಹೊರತಲ್ಲ.

ಹಾಟ್ ರಾಡ್ ಎಂಬುದನ್ನು ಯಾವ ಕಂಪನಿಯೂ ತಯಾರಿಸಿ ಮಾರಲಿಲ್ಲ. ಕಂಪನಿಯ ಕಾರನ್ನು ಕೊಂಡವನು ಅದನ್ನು ಬಿಚ್ಚಿ, ಹಗುರಗೊಳಿಸಿ, ವೇಗ ಹೆಚ್ಚಿಸಿ ಮತ್ತೆ ಕಟ್ಟಿಕೊಂಡದ್ದೇ ಹಾಟ್ ರಾಡ್. 1932ರಲ್ಲಿ ಫೋರ್ಡ್ ಕಂಪನಿ ಎಂಟು ಸಿಲಿಂಡರಿನ ವಿ-8 ಎಂಜಿನ್ನನ್ನು ಸಾಮಾನ್ಯರ ಕೈಗೆಟಕುವ ಬೆಲೆಯ ಕಾರಿನಲ್ಲಿ ಕೂರಿಸಿತು. ಅದರ ಬಲ 65 ಅಶ್ವಶಕ್ತಿ. ಆ ಕಾರುಗಳು ಹಳತಾಗಿ ಅಗ್ಗವಾದಂತೆ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರ ಕೈಗೆ ಬಂದವು. ಅವರು ಮಡ್‌ಗಾರ್ಡು, ಬಂಪರು, ಬಾನೆಟ್ಟು ಎಲ್ಲವನ್ನೂ ಕಳಚಿ, ಮೊಹಾವಿ ಮರುಭೂಮಿಯ ಮುರಾಕ್, ಎಲ್ ಮಿರಾಜ್ ಎಂಬ ಒಣಕೆರೆಗಳ ಗಟ್ಟಿ ನೆಲದ ಮೇಲೆ ಓಡಿಸಿ ವೇಗವನ್ನು ಅಳೆದುಕೊಂಡರು. ಈ ಅಳತೆಗೆ ಒಂದು ಶಿಸ್ತು ತರಲು 1937ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಹುಟ್ಟಿತು. ಯುದ್ಧ ಮುಗಿದ ಮೇಲೆ, 1948ರ ಜನವರಿಯಲ್ಲಿ, ಈ ಹವ್ಯಾಸದ ಹೆಸರನ್ನೇ ಹೊತ್ತ ಮಾಸಪತ್ರಿಕೆ ಹೊರಬಂದಿತು. ಮರುವರ್ಷ ಯೂಟಾ ರಾಜ್ಯದ ಬಾನ್ವಿಲ್ ಎಂಬ ಉಪ್ಪಿನ ಬಯಲಿನಲ್ಲಿ ವೇಗದ ವಾರ ಆರಂಭವಾಯಿತು.

ಇಂದು ಸಾಂಪ್ರದಾಯಿಕ ಹಾಟ್ ರಾಡ್ ಎನಿಸಿಕೊಳ್ಳುವುದು ಆ ಕಾಲದ ಹುಡುಗರು ಕಟ್ಟಬಹುದಾಗಿದ್ದ ರೀತಿಯಲ್ಲಿ, ಆ ಕಾಲದ ಬಿಡಿಭಾಗಗಳಿಂದ, ಇಂದಿನವರು ಕಟ್ಟುವ ಕಾರು. ಕೆಲವರು ಯುದ್ಧಪೂರ್ವವನ್ನು ಗಡಿಯಾಗಿ ಇಟ್ಟುಕೊಳ್ಳುತ್ತಾರೆ. ಕೆಲವರು 1960ರ ದಶಕದ ನಡುವಿನವರೆಗೂ ಬರುತ್ತಾರೆ. ಗಡಿ ಯಾವುದಾದರೂ ಅದರಾಚೆಯ ಒಂದು ತಿರುಪು ಕಂಡರೂ ಹುಬ್ಬು ಗಂಟಿಕ್ಕುವವರಿದ್ದಾರೆ.

ರೇಡಿಯೋ ಬೇಡ ಎನ್ನುವವರ ಮಾತಿಗೆ ಇತಿಹಾಸದ ಬಲವಿದೆ. ತೂಕ ಇಳಿಸಲು ಮಡ್‌ಗಾರ್ಡನ್ನೇ ಕಳಚಿದವನು ರೇಡಿಯೋ ಹೊತ್ತು ತಿರುಗುವನೆ? ಅಂದಿನ ಫೋರ್ಡ್ ಕಾರಿನ ವಿದ್ಯುತ್ತು ಬರಿಯ 6 ವೋಲ್ಟಿನದು. ಕಂಪನಿ 12 ವೋಲ್ಟಿಗೆ ಬಂದದ್ದು 1956ರ ಮಾದರಿಯಲ್ಲಿ. ವಾಲ್ವ್ ರೇಡಿಯೋಗೆ ಇನ್ನೂರಕ್ಕೂ ಹೆಚ್ಚು ವೋಲ್ಟ್ ಬೇಕು. ಅದಕ್ಕಾಗಿ ವೈಬ್ರೇಟರ್ ಎಂಬ ಒಂದು ಸಾಧನ ಒಳಗೆ ಕುಳಿತು, ಬ್ಯಾಟರಿಯ ಪ್ರವಾಹವನ್ನು ಕ್ಷಣಕ್ಷಣಕ್ಕೂ ಕಡಿದು ಜೋಡಿಸುತ್ತ, ದುಂಬಿಯಂತೆ ಗುಂಯ್‌ಗುಡುತ್ತಿತ್ತು. ಇಷ್ಟೆಲ್ಲ ಪಡೆದ ಮೇಲೂ ಬಾನೆಟ್ಟಿಲ್ಲದ ತೆರೆದ ಕಾರು ಗಂಟೆಗೆ ಅರವತ್ತು ಮೈಲಿ ಓಡುವಾಗ ಗಾಳಿಯ ಅಬ್ಬರದಲ್ಲಿ ಹಾಡು ಕಿವಿಗೆ ಬೀಳುವುದಿಲ್ಲ.

ಇದಕ್ಕಿಂತ ಆಳವಾದ ಇನ್ನೊಂದು ಕಾರಣವನ್ನೂ ಅವರು ಹೇಳುತ್ತಾರೆ. ಹಳೆಯ ಎಂಜಿನ್ನು ಮಾತನಾಡುತ್ತದೆ, ಅದನ್ನು ಕೇಳಿಸಿಕೊಳ್ಳಬೇಕು. ಫೋರ್ಡಿನ ಆ ವಿ-8ರಲ್ಲಿ ಸುಟ್ಟ ಅನಿಲ ಹೊರಹೋಗುವ ದಾರಿ ಎಂಜಿನ್ನಿನ ಒಡಲೊಳಗೇ ಹಾಯುವುದರಿಂದ ಅದು ಬೇಗ ಕಾಯುತ್ತದೆ. ಬೇರಿಂಗ್ ಸವೆದರೆ ಕುಟ್ಟುವ ಸದ್ದು, ನೀರು ಕುದಿಯತೊಡಗಿದರೆ ಬುಸುಗುಡುವ ಸದ್ದು ಬರುತ್ತದೆ. ಇವನ್ನು ಮೀಟರಿಗಿಂತ ಮೊದಲು ಹಿಡಿಯುವುದು ಪಳಗಿದ ಕಿವಿ. ಅಂಥ ಕಿವಿಯ ಮುಂದೆ ಹಾಡು ಹಚ್ಚುವುದು ರೋಗಿಯ ನಾಡಿ ಹಿಡಿದ ವೈದ್ಯನ ಮುಂದೆ ಹರಟೆ ಕೊಚ್ಚಿದಂತೆ.

ಬೇಕು ಎನ್ನುವವರ ಬಳಿಯೂ ಇತಿಹಾಸವಿದೆ. ಷಿಕಾಗೋದ ಗ್ಯಾಲ್ವಿನ್ ಕಂಪನಿಯ ಪಾಲ್ ಗ್ಯಾಲ್ವಿನ್ ಕಾರಿನ ರೇಡಿಯೋಗೆ ಮೋಟರೋಲಾ ಎಂದು ಹೆಸರಿಟ್ಟು ಮಾರುಕಟ್ಟೆಗೆ ತಂದದ್ದು 1930ರಲ್ಲಿ, ಅಂದರೆ ವಿ-8 ಬರುವ ಎರಡು ವರ್ಷ ಮೊದಲೇ. ಆಗ ರೇಡಿಯೋದ ಒಡಲು ಡ್ಯಾಶ್‌ಬೋರ್ಡಿನ ಕೆಳಗೆ ಅಡಗಿರುತ್ತಿತ್ತು. ಅದರ ಗುಂಡಿಗಳಿರುವ ಪುಟ್ಟ ತಲೆ ಸ್ಟಿಯರಿಂಗಿನ ಕಂಬವನ್ನು ಕಚ್ಚಿಕೊಂಡಿರುತ್ತಿತ್ತು. ಆದ್ದರಿಂದ ಡ್ಯಾಶ್‌ಬೋರ್ಡಿನ ಮುಖಕ್ಕೆ ರಂಧ್ರ ಕೊರೆಯಬೇಕೆಂಬ ಭಯವೂ ಸಲ್ಲದು. ಅಲ್ಲದೆ ಹಾಟ್ ರಾಡಿನ ಬದುಕು ಒಣಕೆರೆಯಲ್ಲಿ ಮಾತ್ರ ಕಳೆಯಲಿಲ್ಲ. ಯುದ್ಧದ ನಂತರ ಊರಿನ ಮುಖ್ಯ ಬೀದಿಯಲ್ಲಿ ಸಂಜೆಯಿಡೀ ಮೆಲ್ಲಗೆ ಸುತ್ತುವುದು, ಕಾರಿನಲ್ಲೇ ಕುಳಿತು ತಿನ್ನುವ ಅಂಗಡಿಯ ಮುಂದೆ ನಿಲ್ಲುವುದು ಹರೆಯದವರ ಆಚಾರವಾಯಿತು. ನಿಂತ ಕಾರಿನಲ್ಲಿ ರೇಡಿಯೋ ಚೆನ್ನಾಗಿಯೇ ಕೇಳುತ್ತದೆ. 1932ರ ಫೋರ್ಡನ್ನು ಕುರಿತ ಹಾಡಿನ ಹೆಸರನ್ನೇ ಹೊತ್ತ ಧ್ವನಿಮುದ್ರಿಕೆಯನ್ನು ಬೀಚ್ ಬಾಯ್ಸ್ ತಂಡ 1963ರಲ್ಲಿ ಹೊರತಂದಿತು. ಜಾರ್ಜ್ ಲ್ಯೂಕಾಸ್ 1973ರಲ್ಲಿ ನಿರ್ದೇಶಿಸಿದ 'ಅಮೆರಿಕನ್ ಗ್ರಾಫಿಟಿ' ಚಿತ್ರದ ಕಥೆ 1962ರ ಒಂದು ರಾತ್ರಿ ಮೊಡೆಸ್ಟೋ ಎಂಬ ಊರಿನಲ್ಲಿ ನಡೆಯುತ್ತದೆ. ಅದರ ಹಳದಿ ಬಣ್ಣದ 1932ರ ಫೋರ್ಡು ಎಷ್ಟು ಪ್ರಸಿದ್ಧವೋ, ಊರಿನ ಕಾರುಗಳೆಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸುವ ರೇಡಿಯೋದ ದನಿಯೂ ಅಷ್ಟೇ ಪ್ರಸಿದ್ಧ.

ಎರಡೂ ಕಡೆಯವರು ಹೇಳುವುದು ನಿಜವೇ. ಹಾಗಿದ್ದರೆ ಈ ವಾದ ಯಾಕೆ ತೀರುವುದಿಲ್ಲ? ಉತ್ತರಕ್ಕಾಗಿ ಕ್ಯಾಲಿಫೋರ್ನಿಯಾದ ಯಾವುದೋ ಒಂದು ಗ್ಯಾರೇಜನ್ನು ಕಲ್ಪಿಸಿಕೊಳ್ಳಬಹುದು.

ಅಲ್ಲೊಬ್ಬ ಅಜ್ಜ, ವಯಸ್ಸು ಎಪ್ಪತ್ತೈದು. ಹದಿನೆಂಟನೆಯ ವಯಸ್ಸಿನಲ್ಲಿ ಕೊಂಡ 1932ರ ತೆರೆದ ಫೋರ್ಡನ್ನು ಮೂರನೆಯ ಸಲ ಬಿಚ್ಚಿ ಕಟ್ಟುತ್ತಿದ್ದಾನೆ. ಜೊತೆಗೆ ಕೆಲಸ ಕಲಿಯುತ್ತಿರುವವಳು ಮೊಮ್ಮಗಳು. ಅವಳು ಹಳೆಯ ಸಾಮಾನಿನ ಸಂತೆಯಲ್ಲಿ ಆ ಕಾಲದ್ದೇ ಆದ ರೇಡಿಯೋ ಒಂದನ್ನು ಹುಡುಕಿ ತಂದಿದ್ದಾಳೆ. ಅಜ್ಜ ಅದರತ್ತ ತಿರುಗಿಯೂ ನೋಡುವುದಿಲ್ಲ. "ಈ ಕಾರಿಗೆ ಅದರ ಎಂಜಿನ್ನೇ ಹಾಡು" ಎನ್ನುತ್ತಾನೆ. ಅವಳು ಇಸವಿಗಳನ್ನು ಮುಂದಿಡುತ್ತಾಳೆ. ಅವನು ತೂಕ, ಬ್ಯಾಟರಿ, ಸಂಪ್ರದಾಯ ಎನ್ನುತ್ತಾನೆ. ವಾದ ವಾರಗಟ್ಟಲೆ ನಡೆಯುತ್ತದೆ.

ಒಂದು ದಿನ ಎಂಜಿನ್ ಚಾಲೂ ಮಾಡಿದಾಗ ಅವಳ ಕಿವಿಗೆ ಸಣ್ಣದೊಂದು ಟಿಕ್‌ಟಿಕ್ ಸದ್ದು ಬೀಳುತ್ತದೆ. ಅಜ್ಜನಿಗೆ ಅದು ತಿಳಿದಂತೆ ಕಾಣುವುದಿಲ್ಲ. ಅವನು ಅಂಗೈಯನ್ನು ಡ್ಯಾಶ್‌ಬೋರ್ಡಿನ ಮೇಲೆ ಊರಿ ಕಣ್ಣು ಮುಚ್ಚಿ ನಿಂತಿದ್ದಾನೆ. ಐದು ದಶಕಗಳ ಕಾಲ ಸೈಲೆನ್ಸರ್ ಇಲ್ಲದ ಕೊಳವೆಗಳ ಗುಡುಗು, ಗ್ರೈಂಡಿಂಗ್ ಯಂತ್ರದ ಕಿರುಚು ಅವನ ಕಿವಿಯನ್ನು ತಿಂದುಹಾಕಿವೆ. ಎಂಜಿನ್ನನ್ನು ಅವನು ಕೇಳುತ್ತಿರುವುದು ಅಂಗೈಯಿಂದ. ಹಾಡನ್ನು ಹಾಗೆ ಕೇಳಲಾಗದು. ರೇಡಿಯೋ ಕಾರಿನೊಳಗೆ ಬಂದ ದಿನವೇ ಅವನ ಕಿವುಡು ಬಯಲಿಗೆ ಬರುತ್ತದೆ. ಸಂಪ್ರದಾಯವೆಂದು ಇಷ್ಟು ದಿನ ಅವನು ಕಾದದ್ದು ಈ ಗುಟ್ಟನ್ನು. ಮೊಮ್ಮಗಳು ಅಂದಿನಿಂದ ವಾದ ನಿಲ್ಲಿಸುತ್ತಾಳೆ.

ಶುದ್ಧಿಯ ವಾದಗಳೆಲ್ಲ ಹೀಗೆ ಕಪಟವೆಂದು ಇದರ ಅರ್ಥವಲ್ಲ. ಕಳೆದುಕೊಳ್ಳುವ ಭಯವೂ ಒಂದು ಸತ್ಯವೇ. ಆದರೆ ಆ ಭಯ ತನ್ನ ನಿಜವಾದ ಹೆಸರನ್ನು ಹೇಳಿಕೊಳ್ಳದೆ ಸಂಪ್ರದಾಯದ ಹೆಸರಿನಲ್ಲಿ ತೀರ್ಪು ಕೊಡತೊಡಗಿದರೆ ಸಂಪ್ರದಾಯದ ಚಿತ್ರವೇ ಕೆಡುತ್ತದೆ. ಹಾಟ್ ರಾಡನ್ನೇ ನೋಡಬಹುದು. ಅದರ ಮೈ 1932ರ ಫೋರ್ಡಿನದು. ಎಂಜಿನ್ನು ಎಷ್ಟೋ ವೇಳೆ ಮರ್ಕ್ಯುರಿಯದು. ಗೇರಿನ ಹಲ್ಲುಗಳು ಲಿಂಕನ್ ಜೆಫಿರಿನವು. ಸ್ಟಿಯರಿಂಗಿನ ಚಕ್ರ 1940ರ ಫೋರ್ಡಿನದು. ಕಂಪನಿ 1939ರಿಂದ ಕೊಡತೊಡಗಿದ ಹೈಡ್ರಾಲಿಕ್ ಬ್ರೇಕುಗಳನ್ನು ಹುಡುಗರು ಹಳೆಯ ಮೈಗೆ ಜೋಡಿಸಿಕೊಂಡರು. ಯುದ್ಧ ಮುಗಿದಾಗ ವಿಮಾನದ ಇಂಧನ ತೊಟ್ಟಿಯನ್ನೇ ಕಾರಿನ ಮೈಯಾಗಿ ಮಾಡಿಕೊಂಡವರೂ ಉಂಟು. ಬೆರಕೆಯಿಂದಲೇ ಹುಟ್ಟಿದ ಕುಲವೊಂದು ತನ್ನ ಶುದ್ಧಿಯನ್ನು ಕಾಯಲು ಹೊರಟಿರುವುದು ಇಲ್ಲಿನ ಸೋಜಿಗ.

ಹಾಗಾದರೆ ಏನನ್ನು ಸೇರಿಸಿದರೂ ನಡೆಯುವುದೆ? ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಇಲ್ಲಿ ಕ್ಷೇಮೇಂದ್ರ ನೆನಪಾಗಬೇಕು. ಸೊಂಟದ ಡಾಬನ್ನು ಕೊರಳಿಗೂ ಕಾಲಂದಿಗೆಯನ್ನು ಕೈಗೂ ತೊಟ್ಟವರು ನಗೆಗೀಡಾಗುತ್ತಾರೆ ಎಂದು ಅವನು ಔಚಿತ್ಯವನ್ನು ವಿವರಿಸುವಾಗ ಒಡವೆಗಳನ್ನು ದೂರಲಿಲ್ಲ. ಅವು ಸೇರಿದ ಜಾಗವನ್ನು ತೋರಿಸಿದ. ರೇಡಿಯೋದ ಪ್ರಶ್ನೆಯೂ ಜಾಗ ಮತ್ತು ಹೊತ್ತಿನ ಪ್ರಶ್ನೆ. ಒಣಕೆರೆಯ ಓಟಕ್ಕೆಂದೇ ಕಟ್ಟಿದ ಕಾರಿನಲ್ಲಿ ಅದು ಕೈಗೆ ತೊಟ್ಟ ಅಂದಿಗೆ. ಬೀದಿಯ ಸಂಜೆಗೆಂದು ಕಟ್ಟಿದ ಕಾರಿನಲ್ಲಿ ಅದು ಕಾಲಲ್ಲಿಯೇ ಇರುವ ಅಂದಿಗೆ. ಹಳೆಯ ರೇಡಿಯೋದ ಚಿಪ್ಪಿನೊಳಗೆ ಇಂದಿನ ಯಂತ್ರವನ್ನಿಟ್ಟು ಮೊಬೈಲಿನ ಹಾಡು ನುಡಿಸುವವರೂ ಇದ್ದಾರೆ. ಅವರದು ತಪ್ಪೆಂದು ಹೇಳಲಾಗದು. ಆದರೆ ಹಳತನ್ನು ಕೇಳುತ್ತಿದ್ದೇವೆಂದು ಬೇರೆಯವರನ್ನು ನಂಬಿಸಹೊರಟರೆ ಔಚಿತ್ಯ ಅಲ್ಲಿಗೆ ಮುಗಿಯಿತು.

ರೇಡಿಯೋಗೆ ಗಡಿಯ ಅಂಕೆಯೂ ಇಲ್ಲ. ಅಮೆರಿಕದ ನಿಲ್ದಾಣಗಳಿಗೆ 50 ಕಿಲೋವಾಟಿನ ಮಿತಿ ಇದ್ದ ಕಾಲದಲ್ಲಿ ಗಡಿಯಾಚೆಯ ಮೆಕ್ಸಿಕೋದಲ್ಲಿ ಅದನ್ನು ಮೀರಿದ ನಿಲ್ದಾಣಗಳಿದ್ದವು. ಲ್ಯೂಕಾಸನ ಚಿತ್ರದಲ್ಲಿ ತಾನಾಗಿಯೇ ಕಾಣಿಸಿಕೊಂಡ ವುಲ್ಫ್‌ಮನ್ ಜ್ಯಾಕ್ ಹೆಸರಾದದ್ದು ಅಂಥ ಗಡಿ ನಿಲ್ದಾಣಗಳಿಂದಲೇ. ಅಕ್ಕಲಕೋಟೆ, ಜತ್ತ, ಸೊಲ್ಲಾಪುರಗಳ ಕಡೆಯ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಧಾರವಾಡದ ಆಕಾಶವಾಣಿ 1950ರಲ್ಲಿ, ಕಲಬುರಗಿಯದು 1966ರಲ್ಲಿ ಆರಂಭವಾದವು. ಊರಿನ ಫಲಕ ಮರಾಠಿಯಲ್ಲಿದ್ದರೂ ಗೂಡಿನಲ್ಲಿಟ್ಟ ರೇಡಿಯೋ ಕನ್ನಡವನ್ನು ಮನೆಯೊಳಗೆ ತರಬಲ್ಲುದಾಗಿತ್ತು. ಆ ಮನೆಗಳ ಕನ್ನಡದಲ್ಲಿ 'ಖರೆ', 'ಬರೋಬರಿ' ಉಂಟು. ನೆರೆಮನೆಯ ಮರಾಠಿಯಲ್ಲಿ ನಮ್ಮ ತುಪ್ಪವೇ 'ತೂಪ' ಆಗಿದೆ. ಇಲ್ಲಿನ ವಿದ್ಯಾರ್ಥಿಯ ಮಾತು ಕೇಳಿ ಇದು ಶುದ್ಧ ಕನ್ನಡವಲ್ಲ ಎಂದು ಯಾರಾದರೂ ಅಂದರೆ ಅವನು ಕುಗ್ಗಬೇಕಾಗಿಲ್ಲ, ಸಿಟ್ಟಿಗೇಳಬೇಕಾಗಿಯೂ ಇಲ್ಲ. ಪರೀಕ್ಷೆಯ ಉತ್ತರದಲ್ಲಿ ಒಂದು ನುಡಿ, ಅಂಗಳದ ಮಾತಿನಲ್ಲಿ ಇನ್ನೊಂದು ನುಡಿ ಎಂಬ ವಿವೇಕವಿದ್ದರೆ ಸಾಕು. ಹಾಗೆ ಅಂದವರ ಭಯ ಯಾವುದಿರಬಹುದು ಎಂದು ಒಂದು ಗಳಿಗೆ ಯೋಚಿಸಿದರೆ ಇನ್ನೂ ಒಳ್ಳೆಯದು.

ಗ್ಯಾರೇಜಿನ ಕಥೆ ಅಷ್ಟಕ್ಕೇ ನಿಲ್ಲುವುದಿಲ್ಲ. ಮೊಮ್ಮಗಳು ಸುಮ್ಮನಾದದ್ದನ್ನು ಕಂಡು ಅಜ್ಜನಿಗೆ ಅವಳಿಗೆ ಎಲ್ಲವೂ ತಿಳಿದಿದೆ ಎಂಬುದು ಹೊಳೆಯುತ್ತದೆ. ಮರುದಿನ ಅವನೇ ರೇಡಿಯೋವನ್ನು ಡ್ಯಾಶ್‌ಬೋರ್ಡಿನ ಕೆಳಗೆ ಬಿಗಿಯುತ್ತಾನೆ. ಸಂಜೆ ಇಬ್ಬರೂ ಊರ ಬೀದಿಯ ಏರಿನಲ್ಲಿ ಕಾರು ನಿಲ್ಲಿಸಿ, ಎಂಜಿನ್ ಬಂದು ಮಾಡಿ ಕೂರುತ್ತಾರೆ. ಗುಂಡಿ ತಿರುಗಿಸಿದರೆ ಮೊದಲು ದೀಪ, ವಾಲ್ವುಗಳು ಕಾಯುವವರೆಗೆ ಮೌನ, ಆಮೇಲೆ ಹಾಡು. ಅಜ್ಜ ರೇಡಿಯೋದ ತಗಡಿನ ಮೇಲೆ ಅಂಗೈ ಇಡುತ್ತಾನೆ. "ಯಾವ ಹಾಡು?" ಎಂದು ಕೇಳುತ್ತಾನೆ. ಅವಳು ಅವನ ಕಿವಿಯ ಬಳಿ ಬಾಗಿ ಹೇಳುತ್ತಾಳೆ.

ಹಾಡಿನ ಮೇಲೆ ಹಾಡು ಬರುತ್ತಿರುವಂತೆ ದೀಪ ಮಂಕಾಗುತ್ತದೆ. ಆರು ವೋಲ್ಟಿನ ಬ್ಯಾಟರಿ ಇಳಿದುಹೋಗಿದೆ. ಸ್ಟಾರ್ಟರ್ ಒಮ್ಮೆ ನರಳಿ ಸುಮ್ಮನಾಗುತ್ತದೆ. ದಾರಿಹೋಕರಿಬ್ಬರು ನಗುತ್ತ ಬಂದು ಹಿಂದಿನಿಂದ ನೂಕುತ್ತಾರೆ. ಇಳಿಜಾರಿನಲ್ಲಿ ಅಜ್ಜ ಕ್ಲಚ್ ಬಿಟ್ಟಾಗ ಎಂಜಿನ್ ಗುಡುಗಿ ಏಳುತ್ತದೆ. ರೇಡಿಯೋವನ್ನು ಆರಿಸಲು ಇಬ್ಬರೂ ಮರೆತಿದ್ದಾರೆ. ಡೈನಮೋ ಚೇತರಿಸಿಕೊಂಡಂತೆ ಹಾಡು ಮರಳಿ ಏಳುತ್ತದೆ. ಹಳೆಯ ರೇಡಿಯೋ ಆದ್ದರಿಂದ ಸ್ಪಾರ್ಕ್ ಪ್ಲಗ್ಗುಗಳ ಚಟಚಟವೂ ಅದರೊಳಗೆ ಸೇರಿಕೊಂಡಿದೆ. ಮೊಮ್ಮಗಳು ಅದನ್ನು ಆರಿಸಲು ಕೈಚಾಚುತ್ತಾಳೆ. ಅಜ್ಜನ ಅಂಗೈ ಅಲ್ಲಿಯೇ ಇರುವುದನ್ನು ಕಂಡು ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾಳೆ.