ಬತ್ತಿದ ಕೆರೆಯ ಬದುಕು

ನಮ್ಮ ಮೈಸೂರು ಸೀಮೆಯಲ್ಲಿ ಕೆರೆಗೆ ಎರಡು ಅವತಾರಗಳುಂಟು. ಮಳೆ ಹಿಡಿದು ಕೋಡಿ ಬಿದ್ದಾಗ ಅದು ಊರಿನ ಭಾಗ್ಯಲಕ್ಷ್ಮಿ. ಮುತ್ತೈದೆಯರು ಬಾಗಿನ ಕೊಡುತ್ತಾರೆ, ಊರ ಹಿರಿಯರು ಏರಿಯ ಮೇಲೆ ನಿಂತು ಮೀಸೆ ತಿರುವುತ್ತಾರೆ. ವೈಶಾಖದ ಬಿಸಿಲಿಗೆ ನೀರಿಂಗಿ ನೆಲ ಬಾಯಿಬಿಟ್ಟಾಗ ಅದೇ ಕೆರೆ ಯಾರಿಗೂ ಬೇಡವಾದ ಬಯಲು. ದನಗಳು ಅಲ್ಲಿ ಮೇಯುತ್ತವೆ, ಹುಡುಗರು ಕ್ರಿಕೆಟ್ ಆಡುತ್ತಾರೆ, ಇಟ್ಟಿಗೆ ಸುಡುವವರು ಮಣ್ಣು ತೋಡುತ್ತಾರೆ. ಇಷ್ಟೆಲ್ಲ ಆದಮೇಲೂ ಒಂದೆರಡು ದೊಡ್ಡ ಮಳೆ ಸುರಿದು ಮೊಣಕಾಲುದ್ದ ನೀರು ನಿಂತರೆ ಸಾಕು, ಅದರಲ್ಲಿ ಮೀನು ಮಿಂಚುತ್ತದೆ. ಮೊನ್ನೆಯವರೆಗೆ ಧೂಳೆದ್ದಿದ್ದ ನೆಲಕ್ಕೆ ಈ ಮೀನು ಎಲ್ಲಿಂದ ಬಂತು?

ಕನ್ನಡ ಎಂ.ಎ. ಮಾಡಿ ಕಾಲೇಜಿನಲ್ಲಿ ಪಾಠ ಹೇಳುವ ನನಗೆ ಮೀನಿನ ಪರಿಚಯವಿರುವುದು ಹೆಚ್ಚಾಗಿ ಕಾವ್ಯನಾಯಿಕೆಯರ ಕಣ್ಣುಗಳ ಮೂಲಕ. ಆದರೂ ಈ ಪ್ರಶ್ನೆ ನನ್ನನ್ನು ಚಿಕ್ಕಂದಿನಿಂದ ಕಾಡಿದೆ. ಕೃಷ್ಣರಾಜಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿಯ ಕಡೆ ನನ್ನ ತಾಯಿಯ ತವರು. ಬೇಸಗೆಯ ರಜೆಗೆ ಅಲ್ಲಿಗೆ ಹೋದಾಗ ಸೋದರಮಾವನನ್ನು ಕೇಳಿದ್ದೆ: “ಕೆರೆ ಬತ್ತಿದಾಗ ಮೀನೆಲ್ಲ ಎಲ್ಲಿಗೆ ಹೋಗುತ್ತವೆ ಮಾವ?” ಅವರು ಬೀಡಿಯ ಬೂದಿ ಕೊಡವಿ ಹೇಳಿದ್ದರು: “ಎಲ್ಲಿಗ್ ಹೋದಾವು ಅಳಿಯ? ನಾವು ಸೆಕೆ ಅಂತ ಮನೆಯೊಳಗೆ ಮಲಗಾಕಿಲ್ವಾ? ಅಂಗೇ ಅವೂ ನೆಲದೊಳಗೆ ಮಲಗವೆ.” ನಗರದಲ್ಲಿ ಓದುತ್ತಿದ್ದ ನನಗೆ ಅದು ಮಕ್ಕಳನ್ನು ಸುಮ್ಮನಾಗಿಸುವ ಮಾತಾಗಿ ಕಂಡಿತ್ತು. ಮುಂದೆ ಜೀವಶಾಸ್ತ್ರದ ಸಹೋದ್ಯೋಗಿಗಳ ಸಹವಾಸದಿಂದ ಪುಸ್ತಕಗಳನ್ನು ತಿರುವಿದಾಗ, ಆ ಮಾತು ಅಷ್ಟಿಷ್ಟಲ್ಲ, ಬಹುಪಾಲು ನಿಜವೆಂದು ತಿಳಿಯಿತು.

ಮೊದಲು ಕೊರವ ಮೀನನ್ನು ನೋಡಿ. ಹಾವಿನ ತಲೆಯಂಥ ತಲೆ, ಉದ್ದನೆಯ ದುಂಡು ಮೈ. ಇದಕ್ಕೆ ಕಿವಿರುಗಳಿದ್ದರೂ ಅವುಗಳಿಂದ ಪೂರ್ತಿ ಹೊಟ್ಟೆ ತುಂಬದು. ಕಿವಿರುಗಳ ಮೇಲ್ಗಡೆ ಗಾಳಿ ಹಿಡಿಯುವ ಒಂದು ಕೋಣೆಯಿದೆ. ಆಗಾಗ ನೀರಿನ ಮೇಲಕ್ಕೆ ಬಂದು, ಬಾಯಿ ತೆರೆದು, ಒಂದು ಗುಟುಕು ಗಾಳಿ ನುಂಗಿ ಅದನ್ನು ತುಂಬಿಕೊಳ್ಳಬೇಕು. ಮೇಲೆ ಬಾರದಂತೆ ತಡೆದರೆ ಈ ಮೀನು ನೀರಿನಲ್ಲೇ ಉಸಿರುಕಟ್ಟಿ ಸಾಯುತ್ತದೆ. ಮೀನು ನೀರಿನಲ್ಲಿ ಮುಳುಗಿ ಸತ್ತಿತೆಂದರೆ ಯಾರು ನಂಬುತ್ತಾರೆ? ಆದರೆ ಇದೇ ದೌರ್ಬಲ್ಯವೇ ಅದರ ಬಲ. ಕೆರೆ ಬತ್ತುತ್ತ ಬಂದು ಉಳಿದೆಲ್ಲ ಮೀನುಗಳು ವಿಲವಿಲ ಒದ್ದಾಡುವ ಹೊತ್ತಿಗೆ ಕೊರವ ಕೆಸರಿನೊಳಕ್ಕೆ ಇಳಿಯುತ್ತದೆ. ಮೈಯ ತೇವ ಆರದಿರುವಷ್ಟು ಕಾಲ, ಮೇಲಿನ ಗಾಳಿಯನ್ನೇ ಉಸಿರಾಡುತ್ತ, ಹಸಿವನ್ನು ಮರೆತು ಕಾಯುತ್ತದೆ. ಅದರ ಸಂಸಾರಧರ್ಮವೂ ಮೆಚ್ಚತಕ್ಕದ್ದು. ಮರಿಗಳ ಹಿಂಡು ನೀರಿನ ಮೇಲೆ ಕೆಂಪು ಮೋಡದಂತೆ ತೇಲುತ್ತಿದ್ದರೆ ತಂದೆತಾಯಿಗಳು ಕೆಳಗಿನಿಂದ ಕಾವಲು ಕಾಯುತ್ತವೆ.

ಮುರುಗೋಡು ಮೀನಿನ ಉಪಾಯ ಬೇರೆ. ಮೀಸೆ ಹೊತ್ತ ಈ ಮೀನಿನ ಕಿವಿರಿನ ಹಿಂದೆ ಸಣ್ಣ ಗಿಡದಂತೆ ಕವಲೊಡೆದ ಒಂದು ಅವಯವವಿದೆ. ಅದೇ ಅದರ ಶ್ವಾಸಕೋಶ. ಅದರ ಹತ್ತಿರದ ಬಂಧುವಾದ ಚೇಳುಮೀನಿಗೆ ಬೆನ್ನಿನ ಉದ್ದಕ್ಕೂ ಬಾಲದ ಕಡೆಗೆ ಚಾಚಿದ ಎರಡು ಗಾಳಿಚೀಲಗಳಿವೆ, ಜೊತೆಗೆ ಬೆಸ್ತರೂ ಹೆದರುವ ವಿಷದ ಮುಳ್ಳು. ಮಳೆಯ ರಾತ್ರಿ ಮುರುಗೋಡು ಎದೆಯ ರೆಕ್ಕೆಗಳ ಗಡಸು ಮುಳ್ಳನ್ನು ಊರಿ, ಮೈ ಬಳುಕಿಸುತ್ತ, ಒದ್ದೆ ಹುಲ್ಲಿನ ಮೇಲೆ ಒಂದು ಗುಂಡಿಯಿಂದ ಇನ್ನೊಂದು ಗುಂಡಿಗೆ ವಲಸೆ ಹೋಗಬಲ್ಲದು. ಕತ್ತಲಲ್ಲಿ ಗದ್ದೆಯ ಬದುವಿನ ಮೇಲೆ ಮೀನು ಕಂಡವರು ಅದು ಮಳೆಯೊಡನೆ ಆಕಾಶದಿಂದಲೇ ಬಿತ್ತೆಂದು ತಿಳಿದರೆ ಅವರನ್ನು ಹಳಿಯಲಾಗದು.

ನೆಲದ ಮೇಲೆ ನಡೆದ ಮೀನು ಮರವನ್ನೂ ಹತ್ತಿತೆಂದು ಒಂದು ಪ್ರಸಿದ್ಧ ಕಥೆಯಿದೆ. ನಮ್ಮ ಕಾವೇರಿಯೇ ಕಡಲು ಸೇರುವ ಸೀಮೆಯಲ್ಲಿ, ಆಗ ಡೇನರ ವಸಾಹತಾಗಿದ್ದ ತರಂಗಂಬಾಡಿಯಲ್ಲಿ, ಡಾಲ್ಡಾರ್ಫ್ ಎಂಬ ಅಧಿಕಾರಿ ೧೭೯೧ರಲ್ಲಿ ಕೆರೆಯ ಪಕ್ಕದ ತಾಳೆಮರದ ಸೀಳಿನಲ್ಲಿ ಒಂದು ಮೀನನ್ನು ಹಿಡಿದನಂತೆ. ಅವನ ವರದಿ ೧೭೯೭ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಯೂರೋಪಿನ ವಿದ್ವಾಂಸರು ಆ ಮೀನಿಗೆ ‘ಮರ ಹತ್ತುವ ಮೀನು’ ಎಂದೇ ನಾಮಕರಣ ಮಾಡಿದರು. ಅದು ನೆಲದ ಮೇಲೆ ತೆವಳುವುದು ಸತ್ಯ. ಮರದ ಮೇಲೆ ಕಂಡದ್ದನ್ನು ಮಾತ್ರ ಕಾಗೆಯೋ ಹದ್ದೋ ಕೊಂಡೊಯ್ದು ಕೈಬಿಟ್ಟಿರಬೇಕೆಂಬುದು ಅನಂತರದವರ ತೀರ್ಮಾನ.

ಹಾಗಾದರೆ ಗಾಳಿ ಕುಡಿಯಲಾರದ ಮೀನುಗಳ ಗತಿಯೇನು? ಕಾಟ್ಲಾ, ರೋಹು ಮೊದಲಾದವುಗಳಿಗೆ ಬತ್ತಿದ ಕೆರೆಯೆಂದರೆ ಮರಣವೇ. ಮರುವರ್ಷ ನಾವು ಕಾಣುವುದು ಗುತ್ತಿಗೆದಾರರು ತಂದು ಬಿಟ್ಟ ಮರಿಗಳನ್ನು. ಸಣ್ಣಪುಟ್ಟ ನಾಡಮೀನುಗಳು ಹಳ್ಳದ ಮಡುಗಳಲ್ಲಿ ತಲೆಮರೆಸಿಕೊಂಡಿದ್ದು ಹೊಸನೀರು ಹರಿದೊಡನೆ ಪ್ರವಾಹಕ್ಕೆ ಎದುರಾಗಿ ಈಜಿ ಬರುತ್ತವೆ. ಇನ್ನು ಹಕ್ಕಿಗಳ ಮೂಲಕ ಮೀನಿನ ಮೊಟ್ಟೆ ಊರೂರಿಗೆ ಹೋಗುತ್ತದೆಂಬ ಹಳೆಯ ನಂಬಿಕೆ ಇದೆಯಷ್ಟೆ? ೨೦೨೦ರಲ್ಲಿ ಹಂಗೇರಿಯ ವಿಜ್ಞಾನಿಗಳು ಇದನ್ನು ಪರೀಕ್ಷಿಸಿ ಪ್ರಕಟಿಸಿದರು. ಬಾತುಕೋಳಿಗಳಿಗೆ ಸಾವಿರಾರು ಗೆಂಡೆಮೀನಿನ ಮೊಟ್ಟೆಗಳನ್ನು ತಿನ್ನಿಸಿದಾಗ ಬೆರಳೆಣಿಕೆಯಷ್ಟು ಮೊಟ್ಟೆಗಳು ಹೊಟ್ಟೆಯನ್ನು ಹಾದು ಜೀವಂತವಾಗಿ ಹೊರಬಂದವು. ಕೆಲವು ಮರಿಯೂ ಆದವು. ಸಾವಿರಕ್ಕೆ ಒಂದೆರಡು ಉಳಿದರೂ ಹಕ್ಕಿಗಳೇನು ಒಂದೆರಡೇ?

ಇದೆಲ್ಲ ಮೀನಿನ ಮಾತಾಯಿತು. ಬತ್ತಿದ ಕೆರೆಯಂಗಳದಲ್ಲಿ ಇನ್ನೂ ಒಂದು ದೊಡ್ಡ ಪರಿವಾರ ಮಲಗಿದೆ. ಕೆರೆಯ ಗುಂಡು ಶಂಖದ ಹುಳು ಮಣ್ಣಿನಲ್ಲಿ ಹುದುಗಿ, ಚಿಪ್ಪಿನ ಬಾಯಿಗೆ ಗಟ್ಟಿ ಮುಚ್ಚಳ ಎಳೆದುಕೊಂಡು ಬೇಸಗೆಯನ್ನು ಕಳೆಯುತ್ತದೆ. ಅದಕ್ಕೆ ಕಿವಿರೂ ಉಂಟು, ಶ್ವಾಸಕೋಶವೂ ಉಂಟು. ಗೋಂಕರು ಕಪ್ಪೆ ನೆಲದೊಳಗಿದ್ದು ಮೊದಲ ಮಳೆಗೆ ಹೊರಬೀಳುತ್ತದೆ. ಮಂಕು ಬಣ್ಣದ ಗಂಡು ಆಗ ಮದುವಣಿಗನಂತೆ ನಿಂಬೆಹಳದಿಯ ಉಡುಪು ತೊಟ್ಟು, ಕೆನ್ನೆಯಡಿಯ ನೀಲಿ ಚೀಲಗಳನ್ನುಬ್ಬಿಸಿ ವಟಗುಟ್ಟುತ್ತದೆ. ವರ್ಷವೆಲ್ಲ ಮೌನವಾಗಿದ್ದು ಮಳೆಗೆ ದನಿಯೆತ್ತುವ ಈ ಕಪ್ಪೆಗಳ ಮೇಲೆ ಋಗ್ವೇದದ ಏಳನೆಯ ಮಂಡಲದಲ್ಲಿ ಒಂದು ಸೂಕ್ತವೇ ಇದೆ. ಎಲ್ಲಕ್ಕಿಂತ ಸೋಜಿಗ, ಫೇರಿ ಶ್ರಿಂಪ್ ಎಂಬ ಬೆರಳ ಗೆಣ್ಣಿಗಿಂತ ಚಿಕ್ಕದಾದ, ಸೀಗಡಿಯ ದೂರದ ನೆಂಟ. ಅದರ ಆಯುಷ್ಯ ಕೆಲವೇ ವಾರ; ಆದರೆ ಅದರ ಮೊಟ್ಟೆಗಳು ಧೂಳಿನೊಡನೆ ಧೂಳಾಗಿ ವರ್ಷಗಟ್ಟಲೆ ಒಣಗಿ ಬಿದ್ದಿದ್ದು, ನೀರು ತಾಗಿದ ಒಂದೆರಡು ದಿನಗಳಲ್ಲಿ ಒಡೆಯುತ್ತವೆ. ಎಲ್ಲ ಮೊಟ್ಟೆಗಳೂ ಮೊದಲ ಮಳೆಗೇ ಒಡೆಯುವುದಿಲ್ಲ. ಆ ಮಳೆ ಮೋಸ ಮಾಡಿದರೆ ಇರಲೆಂದು ಒಂದು ಪಾಲು ಹಾಗೆಯೇ ಉಳಿಯುತ್ತದೆ. ರಾಗಿಯ ಕಣಜದಲ್ಲಿ ಬಿತ್ತನೆಗೆಂದು ಒಂದಷ್ಟು ಎತ್ತಿಡುವ ನಮ್ಮ ಒಕ್ಕಲುಮಕ್ಕಳ ವಿವೇಕವೇ ಇದಲ್ಲವೇ?

ಕೆರೆಯ ಸುತ್ತಿನ ಹುಳುಗಳೂ ಮಳೆಯ ಪಂಚಾಂಗವನ್ನು ಬಲ್ಲವು. ಕವಿಗಳು ಇಂದ್ರಗೋಪವೆಂದು ಕರೆದ ಕೆಂಪು ಮಖಮಲ್ಲಿನ ಹುಳು ಮೊದಲ ಮಳೆಗೆ ನೆಲದ ಮೇಲೆ ಕುಂಕುಮ ಚೆಲ್ಲಿದಂತೆ ಹರಿದಾಡುತ್ತದೆ. ಹುತ್ತದಿಂದ ಈಸಲು ಹುಳುಗಳು ರೆಕ್ಕೆ ಬಡಿಯುತ್ತ ಏಳುತ್ತವೆ. ಮಕ್ಕಳು ಏರೋಪ್ಲೇನ್ ಚಿಟ್ಟೆಯೆನ್ನುವ ಹುಳುಗಳಲ್ಲಿ ಹೊಂಬಣ್ಣದ ಒಂದು ಜಾತಿಯಿದೆ. ಅದು ಹೊಸ ಮಳೆನೀರಿನಲ್ಲಿ ಮೊಟ್ಟೆಯಿಡುತ್ತದೆ. ಮರಿಗಳು ಸೊಳ್ಳೆಯ ಮರಿಗಳನ್ನು ತಿಂದು ಬೆಳೆದು, ನೀರು ಬತ್ತುವ ಮೊದಲೇ, ಒಂದೂವರೆ ತಿಂಗಳ ಆಸುಪಾಸಿನಲ್ಲಿ ರೆಕ್ಕೆ ಪಡೆಯುತ್ತವೆ. ಪ್ರತಿವರ್ಷ ಅಕ್ಟೋಬರಿನ ಹೊತ್ತಿಗೆ ಇವು ಲಕ್ಷಾಂತರವಾಗಿ ಮಾಲ್ಡೀವ್ಸ್ ದ್ವೀಪಗಳಲ್ಲಿ ಕಾಣಿಸಿಕೊಳ್ಳುವುದನ್ನು ಗಮನಿಸಿದ ಚಾರ್ಲ್ಸ್ ಆಂಡರ್ಸನ್ ಎಂಬ ಜೀವಶಾಸ್ತ್ರಜ್ಞ, ಅವು ಭಾರತದಿಂದ ಹೊರಟು ಕಡಲು ದಾಟಿ ಪೂರ್ವ ಆಫ್ರಿಕಕ್ಕೆ ಹೋಗುತ್ತವೆಂದು ೨೦೦೯ರಲ್ಲಿ ವಾದಿಸಿದರು. ಹೋದವುಗಳ ಮಕ್ಕಳು ಮೊಮ್ಮಕ್ಕಳು ಮುಂಗಾರಿನ ಗಾಳಿಯೊಡನೆ ಹಿಂದಿರುಗುತ್ತವಂತೆ. ಸಂತೆಬಾಚಹಳ್ಳಿಯ ಕಡೆಯ ಮಳೆಗುಂಡಿಯಲ್ಲಿ ಹುಟ್ಟಿದ ಒಂದು ಹುಳು ಕೀನ್ಯಾ ದೇಶದ ಮಳೆಗೆ ಅತಿಥಿಯಾಗಿರಬಹುದು!

ಈಗ ನಾನು ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ಕಳೆದ ಬೇಸಗೆ ಆ ಕಡೆಯ ಒಂದು ಹಳ್ಳಿಯಲ್ಲಿ ಅರಳಿಕಟ್ಟೆಯ ಬಳಿ ಜನ ಸೇರಿದ್ದರು. ಓದಿದ ತರುಣನೊಬ್ಬ, “ವರ್ಷಕ್ಕೆ ಆರು ತಿಂಗಳು ನೀರೇ ನಿಲ್ಲದ ಕೆರೆ ಯಾಕೆ ಬೇಕು? ಅರ್ಧ ಮುಚ್ಚಿ ಮಳಿಗೆ ಕಟ್ಟಿಸೋಣ” ಎಂದ. ತಲೆದೂಗಿದವರೂ ಇದ್ದರು. ಆಗ ಎಪ್ಪತ್ತು ದಾಟಿದ ನನ್ನ ಮಾವ, “ಮಲಗಿರೋನ್ನ ಸತ್ತೋನು ಅಂತ ಹೂಳ್ತೀರೇನಪ್ಪಾ?” ಎಂದಷ್ಟೇ ಕೇಳಿದರು. ಸಭೆ ನಕ್ಕಿತು, ತೀರ್ಮಾನ ಮುಂದಕ್ಕೆ ಹೋಯಿತು. ಅದು ಇಂದಿಗೂ ಮುಂದಕ್ಕೆ ಹೋಗುತ್ತಲೇ ಇದೆ.

ನಗುವ ಹಕ್ಕು ನಗರದ ನಮಗಂತೂ ಇಲ್ಲ. ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಎದೆಯ ಮೇಲೆ. ನೀರಿಲ್ಲದ ಕೆರೆ ಸತ್ತ ಕೆರೆಯೆಂಬ ತಪ್ಪು ಎಣಿಕೆ ಎಷ್ಟು ಕೆರೆಗಳನ್ನು ನುಂಗಿತು! ಕೆರೆಗಳನ್ನು ಕಾಯಲು ಕರ್ನಾಟಕದಲ್ಲಿ ೨೦೧೪ರಲ್ಲಿ ಒಂದು ಕಾನೂನೇ ಆಯಿತು. ಆದರೆ ಕಾನೂನಿಗೆ ಕಾಣುವುದು ಗಡಿಕಲ್ಲು. ಮಣ್ಣಿನೊಳಗೆ ಉಸಿರು ಹಿಡಿದಿರುವ ಮೀನು ಕಾಣಬೇಕಾದುದು ನಮ್ಮ ಕಣ್ಣಿಗೆ. ಹೂಳೆತ್ತುವುದು ಬೇಡವೆಂದಲ್ಲ. ಹಿಂದೆ ರೈತರು ಗಾಡಿಯಲ್ಲಿ ಗೋಡು ಹೇರಿ ಹೊಲಕ್ಕೆ ಒಯ್ಯುತ್ತಿದ್ದರು. ಕೆರೆಗೂ ಲಾಭ, ಹೊಲಕ್ಕೂ ಲಾಭ. ಇಂದಿನ ಯಂತ್ರಗಳು ಒಂದೇ ವಾರದಲ್ಲಿ ಅಂಗಳವನ್ನೆಲ್ಲ ಕೆರೆದು ಬರಿಯ ಗಟ್ಟಿನೆಲವನ್ನು ಉಳಿಸುತ್ತವೆ. ಕೊನೆಯವರೆಗೆ ತೇವವಿರುವ ಒಂದು ತಗ್ಗನ್ನು ಮುಟ್ಟದೆ ಬಿಟ್ಟರೆ, ಕೆರೆಗೆ ನೀರು ತರುವ ಹಳ್ಳದ ದಾರಿಯನ್ನು ಕಟ್ಟದೆ ಇದ್ದರೆ, ಉಳಿದುದನ್ನು ಕೊರವವೂ ಮುರುಗೋಡೂ ತಾವೇ ನೋಡಿಕೊಳ್ಳುತ್ತವೆ.

ಮುಂದಿನ ಬೇಸಗೆಯಲ್ಲಿ ಊರಿಗೆ ಹೋದಾಗ ಓದುಗರು ಮಕ್ಕಳನ್ನು ಬತ್ತಿದ ಕೆರೆಯಂಗಳಕ್ಕೆ ಒಮ್ಮೆ ಕರೆದೊಯ್ಯಲಿ. ಬಿರಿದ ಮಣ್ಣಿನ ಒಂದು ಹೆಂಟೆಯನ್ನು ಮನೆಗೆ ತಂದು, ಗಾಜಿನ ಬೋಗುಣಿಯಲ್ಲಿ ಮಳೆನೀರು ಹೊಯ್ದು ಕಿಟಕಿಯ ಬಳಿ ಇಟ್ಟು ನೋಡಲಿ. ಅದೃಷ್ಟವಿದ್ದರೆ ಮೂರು ನಾಲ್ಕು ದಿನಗಳಲ್ಲಿ ನೀರಿನೊಳಗೆ ಏನೋ ಕದಲುತ್ತದೆ. ಆಮೇಲೆ ಆ ಮಕ್ಕಳು ನೀರಿಲ್ಲದ ಕೆರೆಯನ್ನು ಖಾಲಿ ನಿವೇಶನವೆಂದು ಕರೆಯಲಾರರು.